ಮೂರು ದೇವರ ಪಟ

ಪಟ್ಟನಾಯಕನಹಳ್ಳಿಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಒಂದು ಪಟವಿತ್ತು. ಎದುರಿಗೆ ನಿಂತು ನೋಡಿದರೆ ಗಣಪತಿ. ಬೀದಿ ಬಾಗಿಲ ಕಡೆಯಿಂದ ನೋಡಿದರೆ ಲಕ್ಷ್ಮಿ. ಅಡಿಗೆಮನೆಯ ಬಾಗಿಲ ಕಡೆಯಿಂದ ನೋಡಿದರೆ ಸರಸ್ವತಿ. ನಲವತ್ತು ದಾಟಿದ ಓದುಗರು ಇಂಥದೊಂದು ಪಟವನ್ನು ಎಲ್ಲಾದರೂ ನೋಡಿಯೇ ಇರುತ್ತೀರಿ. ಹೋಟೆಲಿನ ಗಲ್ಲದ ಹಿಂದೆ, ಜವಳಿ ಅಂಗಡಿಯ ಗೋಡೆಯಲ್ಲಿ, ಇಲ್ಲವೇ ನಿಮ್ಮದೇ ಅಜ್ಜಿಯ ಮನೆಯಲ್ಲಿ. ಪಟ ಇದ್ದಲ್ಲೇ ಇರುತ್ತದೆ, ನಾವು ನಡೆದ ಹಾಗೆ ದೇವರು ಬದಲಾಗುತ್ತಾರೆ.

ನಮ್ಮ ತಂದೆ ಅದನ್ನು ಬೆಂಗಳೂರಿನ ಚಿಕ್ಕಪೇಟೆಯಿಂದ ತಂದಿದ್ದರು. ಕಡಲೆಕಾಯಿ ಚೆನ್ನಾಗಿ ಬಂದ ವರ್ಷ ಅದು. ನಮ್ಮ ಶಿರಾ ಸೀಮೆಯಲ್ಲಿ ಅಂಥ ವರ್ಷಗಳು ಬೆರಳೆಣಿಕೆಯವು, ಅದಕ್ಕೇ ನೆನಪಿದೆ. ನಾನಾಗ ಎರಡನೇ ತರಗತಿ. ಬಸ್ಸಿನಲ್ಲಿ ಗಾಜು ಒಡೆಯದಿರಲಿ ಎಂದು ಪಂಚೆಯಲ್ಲಿ ಸುತ್ತಿ, ಉದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಮೊಳೆ ಹೊಡೆದು ತೂಗುಹಾಕಿದ ದಿನ ಕೇರಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲಿ. ನಡುಮನೆಯ ಈ ತುದಿಯಿಂದ ಆ ತುದಿಗೆ ಓಡುವುದು, ‘ಲಕ್ಷ್ಮಿ ಬಂದ್ಲು, ಗಣೇಶ ಬಂದ, ಸರಸ್ವತಿ ಬಂದ್ಲು’ ಎಂದು ಕೂಗುವುದು. ಅಮ್ಮ ಪೊರಕೆ ಎತ್ತಿಕೊಂಡು ಬರುವವರೆಗೆ ಈ ಸಂಭ್ರಮ ನಡೆಯಿತು.

ಆ ಪಟಕ್ಕೆ ಮನೆಯಲ್ಲಿ ಒಂದೇ ಹೆಸರು ನಿಲ್ಲಲಿಲ್ಲ. ತಂದೆ ಬೀದಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಬಂದವರೊಡನೆ ಮಾತನಾಡುವವರು. ಅವರ ಬಾಯಲ್ಲಿ ಅದು ‘ಲಕ್ಷ್ಮಿ ಪಟ’. ದೀಪ ಹಚ್ಚಿ ಎದುರಿಗೆ ನಿಂತು ಕೈಮುಗಿಯುವ ಅಮ್ಮನಿಗೆ ‘ಗಣೇಶನ ಪಟ’. ನಮ್ಮ ದೊಡ್ಡತ್ತೆ ಮಾತ್ರ ‘ಸರಸ್ವತಮ್ಮನ ಪಟ’ ಎನ್ನುತ್ತಿದ್ದರು. ದೊಡ್ಡತ್ತೆ ಎಂದರೆ ತಂದೆಯ ಅಕ್ಕ. ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರ ಜಾಗ ಅಡಿಗೆಮನೆಯ ಹೊಸ್ತಿಲ ಬಳಿ. ಅಲ್ಲಿ ಮೊರ ಮುಂದಿಟ್ಟುಕೊಂಡು ಬಿತ್ತನೆಯ ಕಡಲೆಕಾಯಿ ಸುಲಿಯುವರು, ಅವರೆಕಾಳು ಬಿಡಿಸುವರು, ಹುಣಸೆಹಣ್ಣಿನ ಬೀಜ ಬಿಡಿಸುವರು. ತಲೆ ಎತ್ತಿದರೆ ಕಾಣುವುದು ವೀಣೆ ಹಿಡಿದ ಸರಸ್ವತಿ. ಗಂಡಸರು ಕೂರುವ ಕಡೆಗೆ ಅವರು ಹೋಗುತ್ತಿರಲಿಲ್ಲ. ಬೆಳಗಿನ ಜಾವ ನಡುಮನೆ ಗುಡಿಸಲು ಹೋದರೂ ಆಗ ಕತ್ತಲೆ, ಜೊತೆಗೆ ತಗ್ಗಿಸಿದ ತಲೆ.

‘ದೊಡ್ಡತ್ತೆ, ಈ ಕಡೆ ಬನ್ನಿ, ಲಕ್ಷ್ಮಿ ಕಾಣ್ತಾಳೆ’ ಎಂದು ನಾನು ಒಮ್ಮೆ ಕೈ ಹಿಡಿದು ಎಳೆದಿದ್ದೆ. ‘ಅಲ್ಲಿ ನಂದೇನೈತಮ್ಮಿ ಕೆಲ್ಸ’ ಎಂದು ಕೈ ಬಿಡಿಸಿಕೊಂಡರು. ಬೆಂಚಿನ ಮೇಲೆ ಯಾರೋ ಬೀಜದ ವ್ಯಾಪಾರಿ ಕೂತಿದ್ದ. ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಹಳ ವರ್ಷ ಸಿಟ್ಟಿತ್ತು.

ಆ ಪಟದ ಒಳಗುಟ್ಟು ಸರಳ. ಹಿಂದೆ ಒಂದು ಪೂರ್ತಿ ಚಿತ್ರ ಇರುತ್ತದೆ, ನಮ್ಮದರಲ್ಲಿ ಗಣಪತಿ. ಅದರ ಮುಂದೆ ಜಡೆಯ ರಿಬ್ಬನ್ನಿನಷ್ಟು ಅಗಲದ ತೆಳುವಾದ ಪಟ್ಟಿಗಳನ್ನು, ಕಿಟಕಿಯ ಸರಳಿನಂತೆ ಉದ್ದುದ್ದಕ್ಕೆ, ಅಂಚು ನಮ್ಮ ಕಡೆಗೆ ಬರುವ ಹಾಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಪ್ರತಿ ಪಟ್ಟಿಯ ಒಂದು ಮೈಗೆ ಲಕ್ಷ್ಮಿಯ ಚಿತ್ರದ ಒಂದು ತುಂಡು, ಇನ್ನೊಂದು ಮೈಗೆ ಸರಸ್ವತಿಯ ಒಂದು ತುಂಡು. ಎದುರಿನಿಂದ ನೋಡಿದಾಗ ಪಟ್ಟಿಗಳ ಅಂಚು ಮಾತ್ರ ಕಂಡು, ನಡುವಿನ ಸಂದಿನಲ್ಲಿ ಗಣಪತಿ ಕೂಡಿಕೊಳ್ಳುತ್ತಾನೆ. ಪಕ್ಕಕ್ಕೆ ಸರಿದಾಗ ಪಟ್ಟಿಗಳ ಮೈ ಒಂದಕ್ಕೊಂದು ಸೇರಿ ಹಿಂದಿನ ಚಿತ್ರವನ್ನು ಮುಚ್ಚಿಬಿಡುತ್ತವೆ. ಪಟ್ಟಿಯ ಅಗಲವೂ ಎರಡು ಪಟ್ಟಿಗಳ ನಡುವಿನ ಸಂದೂ ಸಮವಾಗಿದ್ದರೆ 45 ಡಿಗ್ರಿ ಓರೆಯಲ್ಲಿ ಹಿಂದಿನ ಚಿತ್ರ ಪೂರಾ ಮರೆಯಾಗುತ್ತದೆ ಎಂದು ನಮ್ಮ ಶಾಲೆಯ ಗಣಿತದ ಮೇಡಂ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಬಿಎ ಓದಿದ ನನಗೂ ಅದು ತಲೆಗೆ ಹತ್ತಿತು ಎಂದರೆ ಕಷ್ಟದ ಲೆಕ್ಕವಲ್ಲ.

ಚಿಕ್ಕಪೇಟೆಯವರೇ ಕಂಡುಹಿಡಿದ ಜಾಣತನ ಇದು ಎಂದು ನಾನು ಬಹುಕಾಲ ನಂಬಿದ್ದೆ. ನಿಜದಲ್ಲಿ ಇದರ ವಯಸ್ಸು 400 ವರ್ಷಕ್ಕೂ ಹೆಚ್ಚು. 1583ರಲ್ಲಿ ರೋಮಿನಲ್ಲಿ ಅಚ್ಚಾದ, ಚಿತ್ರಗಳಲ್ಲಿ ದೂರ ಹತ್ತಿರ ತೋರಿಸುವ ವಿದ್ಯೆಯ ಪುಸ್ತಕವೊಂದಕ್ಕೆ ಇಗ್ನಾಜಿಯೊ ದಾಂತಿ ಎಂಬ ಪಾದ್ರಿ ಬರೆದ ಟಿಪ್ಪಣಿಯಲ್ಲಿ ಇಂಥ ಪಟ್ಟಿಚಿತ್ರ ಮಾಡುವ ಬಗೆ ಇದೆ. ಲ್ಯಾಟಿನ್ನಿನಲ್ಲಿ ಇದಕ್ಕೆ ‘ಟ್ಯಾಬುಲಾ ಸ್ಕಲಾಟಾ’ ಎಂದು ಹೆಸರು. ಮೆಟ್ಟಿಲು ಮೆಟ್ಟಿಲಾದ ಹಲಗೆ ಎಂದರ್ಥ. ಹತ್ತು ವರ್ಷ ಕಳೆದು, 1593ರಲ್ಲಿ, ಲುಡೊವಿಕೊ ಬೂಟಿ ಎಂಬ ಚಿತ್ರಗಾರ ಮಾಡಿದ ಒಂದು ಪಟ ಇಂದಿಗೂ ಇಟಲಿಯ ಫ್ಲಾರೆನ್ಸಿನ ಗೆಲಿಲಿಯೊ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಒಂದು ಕನ್ನಡಿಯನ್ನೂ ಜೋಡಿಸಿದ್ದಾರೆ. ಒಬ್ಬರ ಮುಖ ನೇರ ಕಾಣುತ್ತದೆ, ಇನ್ನೊಬ್ಬರದು ಕನ್ನಡಿಯಲ್ಲಿ.

ಆ ಇಬ್ಬರು ಯಾರು ಎಂದು ತಿಳಿದಾಗ ನನಗೆ ಪಟದ ಜಾಣತನವೆಲ್ಲ ಮರೆತುಹೋಯಿತು. ಅವರು ತಂದೆ ಮತ್ತು ಮಗಳು. ತಂದೆ, ಈಗಿನ ಫ್ರಾನ್ಸಿನ ಪೂರ್ವಭಾಗದ ಲೊರೇನ್ ಎಂಬ ಸೀಮೆಯ ದೊರೆ ಮೂರನೆಯ ಚಾರ್ಲ್ಸ್. ಮಗಳು ಕ್ರಿಸ್ಟೀನಾ 1589ರಲ್ಲಿ ಮೆದಿಚಿ ಮನೆತನದ ಸೊಸೆಯಾಗಿ ಫ್ಲಾರೆನ್ಸಿಗೆ ಬಂದವಳು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಮಾತಿಗೂ ಧರ್ಮಗ್ರಂಥಕ್ಕೂ ಜಗಳ ಇರಬೇಕಾಗಿಲ್ಲ ಎಂದು ಗೆಲಿಲಿಯೊ 1615ರಲ್ಲಿ ಉದ್ದನೆಯ ಪತ್ರ ಬರೆದದ್ದು ಇವಳಿಗೇ. ಅದು ನಾನು ಪಾಠ ಮಾಡುವ ಇತಿಹಾಸ. ಆದರೆ ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡನ ಊರಿನಲ್ಲಿ ಅಪ್ಪನದೂ ತನ್ನದೂ ಮುಖ ಸೇರಿಸಿ ಮಾಡಿದ ಪಟದ ಮುಂದೆ ನಿಂತಾಗ ಅವಳಿಗೆ ಏನನ್ನಿಸಿತು ಎಂಬುದನ್ನು ಯಾವ ಪಠ್ಯಪುಸ್ತಕವೂ ಕೇಳುವುದಿಲ್ಲ. ಇಬ್ಬರೂ ಒಂದೇ ಚೌಕಟ್ಟಿನಲ್ಲಿದ್ದಾರೆ. ಒಬ್ಬರನ್ನೊಬ್ಬರು ನೋಡುವ ಹಾಗಿಲ್ಲ. ತವರು ದೂರವಾದ ಹೆಣ್ಣುಮಕ್ಕಳಿಗೆ ಈ ಏರ್ಪಾಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ದೇವರ ಪಟ ಮನೆಮನೆಗೆ ಬಂದದ್ದು ಅಚ್ಚುಯಂತ್ರದ ದಯೆಯಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರು ದೇವಸ್ಥಾನದ ಒಳಗೆ ಕಾಲಿಡಲು ಆಗದವರ ಗೋಡೆಗೂ ಬಂದರು. ಆ ಮುದ್ರಿತ ಚಿತ್ರಗಳ ಮೇಲೆ ಹೆಂಗಸರು ಚಮಕಿ ಹೊಲಿದು, ಜರಿ ಅಂಟಿಸಿ, ದೇವಿಗೆ ನಿಜವಾದ ಸೀರೆ ಉಡಿಸುತ್ತಿದ್ದರು. ಅಂಥ ಚಿತ್ರಗಳು ಈಗ ಸಂಗ್ರಹಕಾರರ ಕೈಯಲ್ಲಿವೆ. ಚಿತ್ರ ಬರೆದವನ ಹೆಸರು ಅಡಿಯಲ್ಲಿ ಅಚ್ಚಾಗಿರುತ್ತದೆ, ಚಮಕಿ ಹೊಲಿದವಳ ಹೆಸರು ಎಲ್ಲೂ ಇರುವುದಿಲ್ಲ. ಮುಂದೆ ಶಿವಕಾಶಿಯ ಅಚ್ಚುಮನೆಗಳು ಬಂದು ದೇವರು ಇನ್ನೂ ಅಗ್ಗವಾದರು. ನಮ್ಮ ಮನೆಯ ಮೂರು ದೇವರೂ ಅಂಥ ಅಗ್ಗದ ಅಚ್ಚಿನ ಚಿತ್ರಗಳೇ. ಯಾರೋ ಕತ್ತರಿಸಿ, ಅಂಟಿಸಿ, ಗಾಜು ಹಾಕಿದ್ದರು.

ಪಶ್ಚಿಮದಲ್ಲಿ ಇದೇ ಆಟ ದೊಡ್ಡ ಕಲೆಯಾದ ಕತೆ ಬೇರೆ. ಮಾರ್ಸೆಲ್ ದ್ಯುಶಾಂ ಎಂಬ ಫ್ರೆಂಚ್ ಕಲಾವಿದ 1935ರಲ್ಲಿ ಆರು ರಟ್ಟಿನ ಬಿಲ್ಲೆಗಳ ಎರಡೂ ಬದಿಗೆ ಸುರುಳಿ ಚಿತ್ರ ಅಚ್ಚು ಹಾಕಿಸಿದ. ಗ್ರಾಮಫೋನಿನ ತಟ್ಟೆಯ ಮೇಲಿಟ್ಟು ತಿರುಗಿಸಿದರೆ ಚಪ್ಪಟೆ ಚಿತ್ರವೇ ಉಬ್ಬಿ, ಆಳವಾಗಿ ಕಾಣುತ್ತದೆ. 500 ಜೊತೆ ಮಾಡಿಸಿ, ಪ್ಯಾರಿಸ್ಸಿನಲ್ಲಿ ಹೊಸ ಹೊಸ ಯಂತ್ರ ಕಂಡುಹಿಡಿದವರು ಸೇರುವ ಜಾತ್ರೆಯಂಥ ಪ್ರದರ್ಶನದಲ್ಲಿ ಒಂದು ಮಳಿಗೆ ಹಿಡಿದು ಕೂತ. ಪಕ್ಕದ ಮಳಿಗೆಗಳ ಮುಂದೆ ಜನ ನೆರೆದರೆ ಇವನದನ್ನು ಕೊಳ್ಳುವವರೇ ಇರಲಿಲ್ಲ. ಅದೇ ಬಿಲ್ಲೆಗಳು ಈಗ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಗಾಜಿನೊಳಗಿವೆ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಮಾರಿದ್ದರೆ ಒಂದೇ ದಿನದಲ್ಲಿ ಖರ್ಚಾಗುತ್ತಿದ್ದವೇನೋ, ನಮ್ಮ ಜನಕ್ಕೆ ತಿರುಗುವ ವಸ್ತು ಎಂದರೆ ಅಷ್ಟು ಪ್ರೀತಿ!

1955ರಲ್ಲಿ ಪ್ಯಾರಿಸ್ಸಿನ ಡೆನಿಸ್ ರೆನೆ ಎಂಬ ಮಹಿಳೆ ತಮ್ಮ ಗ್ಯಾಲರಿಯಲ್ಲಿ ಚಲನೆಯ ಕಲೆಗೆಂದೇ ಒಂದು ಪ್ರದರ್ಶನ ಏರ್ಪಡಿಸಿದರು. ದ್ಯುಶಾಂ ಜೊತೆಗೆ ಅದರಲ್ಲಿದ್ದ ಕಿರಿಯರಲ್ಲಿ ಒಬ್ಬ ಯಾಕೊವ್ ಅಗಾಮ್, ಯಹೂದಿ ಧರ್ಮಗುರುವೊಬ್ಬರ ಮಗ, 1928ರಲ್ಲಿ ಹುಟ್ಟಿದವನು. ಏಣುಏಣಾದ ಹಲಗೆಯ ಎರಡು ಮೈಗೆ ಎರಡು ಬಗೆಯ ಬಣ್ಣ ಬಳಿದು, ನೋಡುವವನು ನಡೆದಂತೆ ಚಿತ್ರ ಬದಲಾಗುವ ಹಾಗೆ ಮಾಡಿ ಹೆಸರಾದ. ನಮ್ಮ ನಡುಮನೆಯ ಪಟದ ದಾಯಾದಿಯೇ ಅದು. ಆದರೆ ದೇವರಿಲ್ಲ, ಬರಿಯ ಬಣ್ಣ ಮತ್ತು ಆಕಾರ. ಮುಂದೆ ಏಣುಗಳುಳ್ಳ ಪ್ಲಾಸ್ಟಿಕ್ ಹಾಳೆ ಹೊದಿಸಿ ‘ಅಗಾಮೊಗ್ರಾಫ್’ ಎಂಬ ಮುದ್ರಿತ ಚಿತ್ರಗಳನ್ನು ಹೊರತಂದ. ಓರೆ ಮಾಡಿದರೆ ಚಿತ್ರ ಬದಲಾಗುವ ಸ್ಕೇಲು ನಿಮ್ಮ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಇದ್ದದ್ದು ನೆನಪಿದ್ದರೆ, ತತ್ವ ಅದೇ. ಅಗಾಮನದಕ್ಕೆ ಇಷ್ಟೇ ಪ್ರತಿ ಎಂಬ ಲೆಕ್ಕ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಕೆಳಗೆ ಸಹಿ. ಎಣಿಸಿ ಮಾಡಿದ್ದಕ್ಕೆ ಬೆಲೆ ಹೆಚ್ಚು ಎಂಬುದು ಆ ಪೇಟೆಯ ನಿಯಮ. ಚಿಕ್ಕಪೇಟೆಯವನು ಎಣಿಸಲೂ ಇಲ್ಲ, ಸಹಿ ಹಾಕಲೂ ಇಲ್ಲ, ಅವನ ಪಟಗಳನ್ನು ಯಾರೂ ಕಾಪಾಡಿ ಇಡಲೂ ಇಲ್ಲ. ಹಾಗಾಗಿ ಈಗ ನಿಜವಾಗಿ ಅಪರೂಪವಾಗಿರುವುದು ಅವನದು.

ಈ ಕಲೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬ್ರಿಜೆಟ್ ರೈಲಿ ಎಂಬ ಇಂಗ್ಲಿಷ್ ಹೆಣ್ಣುಮಗಳ ಕೆಲಸ. ಬರಿಯ ಕಪ್ಪು ಬಿಳುಪು ಗೆರೆಗಳು, ಆದರೆ ನೋಡುತ್ತ ನಿಂತರೆ ನೀರು ಅಲುಗಾಡಿದ ಹಾಗೆ ಅಲುಗುತ್ತವೆ. 1965ರಲ್ಲಿ ನ್ಯೂಯಾರ್ಕಿನ ದೊಡ್ಡ ಪ್ರದರ್ಶನಕ್ಕೆ ಆಕೆ ಹೋದಾಗ ಅಂಗಡಿ ಅಂಗಡಿಯಲ್ಲೂ ಆಕೆಯ ಚಿತ್ರದಂಥದೇ ಗೆರೆಗಳ ಫ್ರಾಕುಗಳು ತೂಗುತ್ತಿದ್ದವಂತೆ. ಕೇಳದೆ ಬಳಸಿಕೊಂಡರೆಂದು ಆಕೆಗೆ ಬಹಳ ನೋವಾಯಿತು. ಆಕೆಯ ನೋವು ನ್ಯಾಯವಾದದ್ದೇ. ಆದರೂ ಕಣ್ಣಿಗೆ ಮೋಡಿ ಮಾಡುವ ಗೆರೆ ಬಣ್ಣಗಳು ಕೊನೆಗೆ ಹೆಂಗಸರ ಬಟ್ಟೆಗೇ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಪಾವಗಡದ ಆಚೆ ಧರ್ಮಾವರದಲ್ಲಿ ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ರೇಷ್ಮೆ ಹಾಕಿ ನೇಯುವ ಸೀರೆ ಉಟ್ಟವರಿಗೆ ಗೊತ್ತು. ನಿಂತಾಗ ಹಸಿರು, ತಿರುಗಿದಾಗ ನೀಲಿ. ಅಂಥ ನವಿಲು ಬಣ್ಣದ ಸೀರೆಯೇ ನನ್ನ ಧಾರೆಗೆ ಬಂದದ್ದು, 1992ರಲ್ಲಿ.

ಮದುವೆಯ ಮಾತು ಬಂತಲ್ಲ, ದೊಡ್ಡತ್ತೆಯ ಕಡೆಗೇ ಹೋಗುತ್ತೇನೆ. ಅದಕ್ಕೆ ಮುಂಚೆ ತೊಗಲು ಗೊಂಬೆಯ ಮಾತೊಂದು ಹೇಳಬೇಕು.

ಮಳೆ ಹೋದ ವರ್ಷ ನಮ್ಮ ಕಡೆ ಗೊಂಬೆಯಾಟ ಆಡಿಸುವ ರೂಢಿಯಿತ್ತು. ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ಹದ ಮಾಡಿ ತೆಳುವಾಗಿಸಿದ ತೊಗಲಿಗೆ ಬಣ್ಣ ಹಾಕಿ, ತೂತು ಕೊರೆದು ಒಡವೆ ಮೂಡಿಸಿ, ಬಿಳಿ ಪರದೆಯ ಹಿಂದೆ ದೀಪವಿಟ್ಟು ಆಡಿಸುತ್ತಾರೆ. ಗೊಂಬೆ ಪರದೆಗೆ ಒತ್ತಿದರೆ ಮುಖ ಸ್ಪಷ್ಟ. ದೀಪದ ಕಡೆ ಸರಿದರೆ ಅದೇ ರಾವಣ ಮಸುಕಾಗಿ, ಹಿಗ್ಗಿ, ಪರದೆ ತುಂಬುತ್ತಾನೆ. ಹಾಡುವುದರಲ್ಲಿ, ಗೊಂಬೆ ಕುಣಿಸುವುದರಲ್ಲಿ ಆ ಮನೆತನಗಳ ಹೆಂಗಸರೂ ಪಾಲುದಾರರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96.

ದೊಡ್ಡತ್ತೆ ತಪ್ಪದೆ ಹೋಗುತ್ತಿದ್ದುದು ಈ ಆಟಕ್ಕೆ ಮಾತ್ರ. ಮದುವೆ, ನಾಮಕರಣ, ಆರತಿ ಎಲ್ಲಕ್ಕೂ ಹಿಂದೆ ಸರಿಯುತ್ತಿದ್ದವರು ಗೊಂಬೆಯಾಟಕ್ಕೆ ಚಾಪೆ ಹಿಡಿದು ಎಲ್ಲರಿಗಿಂತ ಮೊದಲು ಹೊರಡುವರು. ಅಲ್ಲಿ ನೋಡುವವರೆಲ್ಲ ಕತ್ತಲಲ್ಲಿ ಕೂತಿರುತ್ತಾರೆ. ಯಾರು ಮುಂದೆ ಕೂತರು, ಯಾರ ಹಣೆಯಲ್ಲಿ ಕುಂಕುಮವಿಲ್ಲ ಎಂದು ನೋಡಲು ಬೆಳಕೇ ಇರುವುದಿಲ್ಲ. ಅವರು ಗಟ್ಟಿಯಾಗಿ ನಗುವುದನ್ನು ನಾನು ಕೇಳಿದ್ದು ಅಲ್ಲಿಯೇ, ಕಿಳ್ಳೇಕ್ಯಾತನ ಪೋಲಿ ಮಾತಿಗೆ.

ನನ್ನ ಮದುವೆಗೆ ಮನೆಗೆ ಸುಣ್ಣ ಹೊಡೆಸುವಾಗ ಗೋಡೆಯಲ್ಲಿದ್ದುದನ್ನೆಲ್ಲ ಇಳಿಸಿ ಹಿಂದಿನ ಕೋಣೆಗೆ ಸಾಗಿಸಿದರು. ದೊಡ್ಡತ್ತೆ ಮಲಗುತ್ತಿದ್ದುದು ಆ ಕೋಣೆಯಲ್ಲಿ. ಸಂಜೆ ಏನೋ ಹುಡುಕಿಕೊಂಡು ನಾನು ಅಲ್ಲಿಗೆ ಹೋದೆ. ಅವರು ಕಾಲು ನೀಡಿ ಕೂತು ಪಟವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಇಷ್ಟು ವರ್ಷಕ್ಕೆ ದೊಡ್ಡತ್ತೆ ಲಕ್ಷ್ಮಿಯನ್ನು ನೋಡುತ್ತಾರೆ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಪಟವನ್ನು ಮೆಲ್ಲಗೆ ಆ ಕಡೆಗೆ ಓರೆ ಮಾಡಿದರು. ಸರಸ್ವತಿ ಹೋಗಿ ಗಣಪತಿ ಬಂದ, ಗಣಪತಿ ಹೋಗಿ ಲಕ್ಷ್ಮಿ ಬಂದಳು.

ಅವರ ಮುಖದಲ್ಲಿ ಆಶ್ಚರ್ಯ ಅನ್ನುವುದು ಒಂದಿಷ್ಟೂ ಇರಲಿಲ್ಲ.

‘ನಿಮ್ಮಪ್ಪನ ದೇವ್ರು’ ಎಂದರು, ನನ್ನನ್ನು ಕಂಡು. ‘ಇವಳ ಕೈಯಾಗಿನ ಕಾಸು ಒಂದು ಉದುರೋಗೈತೆ ನೋಡು, ಹುಳ ತಿಂದೈತೆ. ಐದಾರು ವರ್ಷ ಆತು.’

ಐದಾರು ವರ್ಷ! ಹಾಗಾದರೆ ನೋಡಿದ್ದರು. ಎಂದಿನಿಂದ, ಎಷ್ಟು ಸಲ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನ ಗಂಡಸರೆಲ್ಲ ಹೊಲದಲ್ಲಿದ್ದು, ಅಮ್ಮ ಬಾವಿಗೆ ಹೋಗಿ, ನಾವು ಶಾಲೆಯಲ್ಲಿರುವ ಹೊತ್ತಿನಲ್ಲಿ ಆ ನಡುಮನೆ ಅವರೊಬ್ಬರದೇ ಆಗಿರುತ್ತಿತ್ತು ಎಂಬುದು ನನಗೆ ಯಾಕೆ ಹೊಳೆದಿರಲಿಲ್ಲವೋ! ಮಕ್ಕಳ ಹಾಗೆ ಈ ತುದಿಯಿಂದ ಆ ತುದಿಗೆ ಅವರೂ ನಡೆದಿರಬೇಕು. ನಾನು ವರ್ಷಗಟ್ಟಲೆ ಮರುಗುತ್ತಿದ್ದುದು ಹೊಸ್ತಿಲ ಬಳಿ ಕೂತಿರುತ್ತಿದ್ದ ದೊಡ್ಡತ್ತೆಗಾಗಿ. ಎದ್ದು ಹೋಗುತ್ತಿದ್ದ ದೊಡ್ಡತ್ತೆಯನ್ನು ನಾನು ಕಂಡೇ ಇರಲಿಲ್ಲ.

ಅವರು ಪಟವನ್ನು ಮತ್ತೆ ಈ ಕಡೆಗೆ ಓರೆ ಮಾಡಿ ಸರಸ್ವತಿಯನ್ನು ತಂದುಕೊಂಡರು. ‘ನಂಗೆ ಇವಳೇ ಇರ್ಲಿ’ ಎಂದರು. ಏಳನೇ ತರಗತಿ ಮುಗಿದಾಗ ‘ಹೆಣ್ಣು ಹುಡುಗಿ, ಸಾಕು’ ಎಂದ ತಂದೆಗೆ, ‘ಆ ಕೂಸು ಓದ್ಲಿ, ನನ್ನ ಪಾಲಿನ ಎಮ್ಮೆ ಮಾರು’ ಎಂದವರು ಇವರೇ. ಎಮ್ಮೆ ಮಾರಲಿಲ್ಲ. ಹೈಸ್ಕೂಲಿಗೆ ಕಳಿಸಿದರು. ಮದುವೆಯ ದಿನ ಅವರು ಚಪ್ಪರಕ್ಕೆ ಬರಲಿಲ್ಲ. ನವಿಲು ಬಣ್ಣದ ಸೀರೆಯಲ್ಲಿ ನಾನೇ ಹಿಂದಿನ ಕೋಣೆಗೆ ಹೋಗಿ ಕಾಲಿಗೆ ಬಿದ್ದೆ. ಧಾರೆಗೆ ಮುಂಚೆ ಅಲ್ಲಿಗೆ ಹೋಗಬಾರದಿತ್ತು ಎಂದು ಹಿರಿಯರೊಬ್ಬರು ಗೊಣಗಿದರು. ನನ್ನ ಸಂಸಾರಕ್ಕೆ ಅದರಿಂದ ಏನೂ ಆಗಿಲ್ಲ.

ಹೋದ ವರ್ಷ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಲೇಪಾಕ್ಷಿಗೆ ಕರೆದುಕೊಂಡು ಹೋಗಿದ್ದೆವು. ಆಂಧ್ರಕ್ಕೆ ಸೇರಿದ್ದರೂ ಅಲ್ಲಿನ ಶಾಸನಗಳು ಹೆಚ್ಚಿನವು ಕನ್ನಡದವು, 16ನೇ ಶತಮಾನದ ಅಚ್ಯುತದೇವರಾಯನ ಕಾಲದ ದೇವಾಲಯ. ತೂಗುವ ಕಂಬದ ಅಡಿಯಲ್ಲಿ ಬಟ್ಟೆ ಎಳೆದು ಮುಗಿದ ಮೇಲೆ ಮಕ್ಕಳಿಗೆ ಹಿಡಿಸಿದ್ದು ಒಂದು ಸಣ್ಣ ಕೆತ್ತನೆ: ಒಂದು ಮೈ, ಮೂರು ತಲೆಯ ಹಸು. ಎರಡು ತಲೆಯನ್ನು ಅಂಗೈಯಿಂದ ಮುಚ್ಚಿದರೆ ಉಳಿದ ತಲೆಗೆ ಅದೇ ಮೈ ಸರಿಹೊಂದುತ್ತದೆ. ಹೀಗೆ ಮೂರು ಭಂಗಿ. ಮುಚ್ಚುವ ಅಂಗೈ ನಮ್ಮದು, ಶಿಲ್ಪಿ ಅಷ್ಟು ಕೆಲಸವನ್ನು ನಮಗೆ ಬಿಟ್ಟಿದ್ದಾನೆ. ಬಸ್ಸಿನಲ್ಲಿ ಮಕ್ಕಳಿಗೆ ಮೂರು ದೇವರ ಪಟದ ವಿಷಯ ಹೇಳಿದೆ. ಒಬ್ಬರೂ ನೋಡಿರಲಿಲ್ಲ.

ಮರುವಾರ ತರಗತಿಯಲ್ಲೇ ಮಾಡಿಸಿದೆ. ನೀವೂ ಮಾಡಬಹುದು. ಒಂದೇ ಅಳತೆಯ ಎರಡು ಚಿತ್ರ ತೆಗೆದುಕೊಂಡು ಎರಡನ್ನೂ ಒಂದೊಂದು ಅಂಗುಲದ ಪಟ್ಟಿಯಾಗಿ ಕತ್ತರಿಸಬೇಕು. ಅದರದೊಂದು ಇದರದೊಂದು ಎಂದು ಸರದಿಯಲ್ಲಿ, ಕ್ರಮ ತಪ್ಪದಂತೆ ಉದ್ದನೆಯ ದಪ್ಪ ಕಾಗದದ ಮೇಲೆ ಅಂಟಿಸಿ, ಬೀಸಣಿಗೆಯ ಹಾಗೆ ಪ್ರತಿ ಅಂಗುಲಕ್ಕೂ ಹಿಂದೆ ಮುಂದೆ ಮಡಿಸಿದರೆ ಆಯಿತು. ಎಡದಿಂದ ಒಂದು, ಬಲದಿಂದ ಇನ್ನೊಂದು. ಗಂಡುಮಕ್ಕಳು ಕ್ರಿಕೆಟ್ ಆಟಗಾರರನ್ನು, ಸಿನಿಮಾದವರನ್ನು ತಂದಿದ್ದರು. ಒಬ್ಬ ಹುಡುಗಿ ಅವಳ ಅಮ್ಮನ ಎರಡು ಫೋಟೋಗಳ ಜೆರಾಕ್ಸ್ ತಂದಿದ್ದಳು. ಒಂದು ಮದುವೆಯಲ್ಲಿ ತೆಗೆದದ್ದು, ಇನ್ನೊಂದು ಗಾರ್ಮೆಂಟ್ಸ್ ಕಾರ್ಖಾನೆಯ ಗುರುತಿನ ಚೀಟಿಯದು. ಅಳತೆ ಹೊಂದಲಿಲ್ಲ, ಅಂಟು ಹೆಚ್ಚಾಗಿ ಸುಕ್ಕಾಯಿತು. ಆದರೂ ಮೇಜಿನ ಈ ಕಡೆಯಿಂದ ಆ ಕಡೆಗೆ ಹತ್ತು ಸಲ ನಡೆದು ನೋಡಿದಳು.

ನಮ್ಮ ಪಟ ಈಗಿಲ್ಲ. ದೊಡ್ಡತ್ತೆ 2001ರಲ್ಲಿ ಹೋದರು. ಅದಾದ ಮೇಲೆ ಮನೆಯ ಸೂರು ಸೋರಿ ಪಟದ ಒಳಗೆ ನೀರಿಳಿದು ಅಂಟೆಲ್ಲ ಬಿಟ್ಟುಕೊಂಡಿತ್ತು. ಕಟ್ಟು ಕಳಚಿ ಎಸೆಯುವಾಗ ನಾನು ಒಂದು ಪಟ್ಟಿಯನ್ನು ತೆಗೆದಿಟ್ಟುಕೊಂಡೆ. ಅದು ನನ್ನ ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಗುರುತಿಗೆಂದು ಇದೆ. ಒಂದು ಮೈಯಲ್ಲಿ ವೀಣೆಯ ತುಂಡು, ಎರಡು ಬೆರಳು. ಇನ್ನೊಂದು ಮೈಯಲ್ಲಿ ಕೆಂಪು ಸೀರೆಯ ಅಂಚು, ಉದುರುತ್ತಿರುವ ಕಾಸು. ನಡುವೆ ಹುಳ ತಿಂದ ಒಂದು ಬಿಳಿಯ ಚುಕ್ಕೆ, ದೊಡ್ಡತ್ತೆ ಹೇಳಿದ್ದು.